ಕರಡು ತಿದ್ದುವುದು, ಕಥೆ ತಿದ್ದುವುದು

ಅಮೆರಿಕದ ಕಾದಂಬರಿಗಾರ್ತಿ ಆಕ್ಟೇವಿಯಾ ಬಟ್ಲರ್ (1947–2006) ಅವರಿಗೆ ಡಿಸ್ಲೆಕ್ಸಿಯಾ ಎಂಬ ಕಲಿಕಾ ತೊಡಕಿತ್ತು. ಓದು ನಿಧಾನ, ಬರೆದುದರಲ್ಲಿ ಅಕ್ಷರದೋಷಗಳು ಹೇರಳ. ಹದಿಮೂರರ ವಯಸ್ಸಿನಲ್ಲಿ ಪ್ರಕಟಣೆಗೆ ಕಳಿಸಹೊರಟ ಮೊದಲ ಕಥೆಯನ್ನು ಶಾಲೆಯ ವಿಜ್ಞಾನ ಶಿಕ್ಷಕರೇ ಬೆರಳಚ್ಚು ಮಾಡಿ, ಕಾಗುಣಿತವನ್ನೂ ವಿರಾಮಚಿಹ್ನೆಗಳನ್ನೂ ತಿದ್ದಿಕೊಟ್ಟರು. ಪ್ರತಿಯೇನೋ ಶುದ್ಧವಾಯಿತು, ಆದರೆ ಅವರ ಕಥೆಗಳು ಮುಂದೆಯೂ ವರ್ಷಗಟ್ಟಲೆ ತಿರಸ್ಕೃತವಾಗುತ್ತಲೇ ಇದ್ದವು.

ಕರಡು ತಿದ್ದುವುದು ಬೇರೆ, ಕಥೆ ತಿದ್ದುವುದು ಬೇರೆ. ಮೊದಲನೆಯದಕ್ಕೆ ಪರರ ಕಣ್ಣನ್ನು ಎರವಲು ಪಡೆಯಬಹುದು. ಎರಡನೆಯದು ಕರ್ತೃವಿನದೇ ಹೊಣೆ. ಅದಕ್ಕೆ ಬೇಕಾದುದು ತಾಳ್ಮೆಯೇ ಹೊರತು ಅಕ್ಷರಶುದ್ಧಿಯಲ್ಲ. ಹೊಟ್ಟೆಪಾಡಿಗೆ ಕೂಲಿಗೆಲಸ ಮಾಡುತ್ತಿದ್ದ ವರ್ಷಗಳಲ್ಲಿ ಬಟ್ಲರ್ ರಾತ್ರಿ ಎರಡಕ್ಕೇ ಎದ್ದು ಬರೆಯುತ್ತಿದ್ದರು. 1970ರಲ್ಲಿ ಕ್ಲಾರಿಯನ್ ಲೇಖಕರ ಕಾರ್ಯಾಗಾರ ಸೇರಿ ಸಹಲೇಖಕರ ವಿಮರ್ಶೆಗೆ ತಮ್ಮ ಕಥೆಗಳನ್ನು ಒಡ್ಡಿದರು. ಮೊದಲ ಕಾದಂಬರಿ ಪ್ರಕಟವಾದದ್ದು 1976ರಲ್ಲಿ.

1984ರಲ್ಲಿ ಹ್ಯೂಗೋ ಪ್ರಶಸ್ತಿ ಪಡೆದ ಅವರ ‘ಸ್ಪೀಚ್ ಸೌಂಡ್ಸ್’ ಕಥೆಯಲ್ಲಿ ವ್ಯಾಧಿಯೊಂದು ಜನರ ಮಾತನ್ನೋ ಓದುಬರಹವನ್ನೋ ಕಸಿದುಕೊಳ್ಳುತ್ತದೆ. ಅಕ್ಷರ ಕಳೆದುಕೊಂಡ ನಾಯಕಿ, ತನಗಿನ್ನು ಓದಲಾಗದ ಪುಸ್ತಕಗಳನ್ನು ಮನೆತುಂಬ ಉಳಿಸಿಕೊಂಡಿದ್ದಾಳೆ. ಅಕ್ಷರ ಸುಲಭವಾಗಿ ಒಲಿದವರಿಗೆ ಈ ಸಂಕಟ ಇಷ್ಟು ನಿಖರವಾಗಿ ಹೊಳೆಯುತ್ತಿತ್ತೇ ಎಂಬುದು ವಿಚಾರಾರ್ಹ.