ಬಿತ್ತು ಎನ್ನುವ ಹಕ್ಕಿ

ಸರಕಾರಿ ಕಚೇರಿಯ ಕಾರಕೂನನಿಗೆ ಕಿಟಕಿಯ ಪಕ್ಕದ ಕುರ್ಚಿ ದೊರೆಯುವುದು ಪೂರ್ವಜನ್ಮದ ಪುಣ್ಯವೆಂದೇ ಹೇಳಬೇಕು. ಆ ಪುಣ್ಯ ನನಗೆ ಒದಗಿ ಆರು ವರ್ಷಗಳಾದವು. ಕಿಟಕಿಯಾಚೆ ಒಂದು ಹಳೆಯ ಬೇವಿನ ಮರ. ಅದರಾಚೆ ಪುಣೆಯ ಗದ್ದಲ. ಮೇ ತಿಂಗಳ ಕೊನೆಯ ಒಂದು ಮಧ್ಯಾಹ್ನ ಮೋಡ ಕವಿದು, ಪಂಖದ ಗಾಳಿಯೂ ಬಿಸಿಯಾಗಿ, ಕಡತದ ಅಕ್ಷರಗಳು ಕಣ್ಣ ಮುಂದೆ ತೇಲುತ್ತಿದ್ದವು. ಆಗ ಆ ಮರದೊಳಗಿಂದ ಒಂದು ಹಕ್ಕಿ ಕೂಗತೊಡಗಿತು. ಮೂರು ಸ್ವರಗಳ ಕೂಗು. ಪ್ರತಿ ಸಲವೂ ಒಂದೊಂದು ಮೆಟ್ಟಿಲು ಮೇಲಕ್ಕೆ. ಇನ್ನೇನು ಗಂಟಲು ಹರಿದೇಹೋಯಿತು ಎನ್ನುವಷ್ಟರಲ್ಲಿ ತಟ್ಟನೆ ನಿಂತಿತು. ಮತ್ತೆ ಮೊದಲಿನಿಂದ ಆರಂಭಿಸಿತು.

ಪಕ್ಕದ ಮೇಜಿನ ಹಿರಿಯರು ಸಾತಾರೆಯ ಕಡೆಯವರು. ಚಷ್ಮೆ ತೆಗೆದಿಟ್ಟು ನಕ್ಕರು.

“ಪಾವಶಾ ಬಂದ ನೋಡಿ. ಏನನ್ನುತ್ತಾನೆ ಗೊತ್ತೆ? ‘ಪೇರ್ತೆ ವ್ಹಾ, ಪೇರ್ತೆ ವ್ಹಾ!’”

ಬಿತ್ತಲು ತೊಡಗಿರಿ ಎಂದು ಅದರ ಅರ್ಥ. ಅಷ್ಟಕ್ಕೇ ಬಿಡದೆ ಅವರು, “ಊರಿನಲ್ಲಿ ನಿಮ್ಮ ಹೊಲವಿದೆಯಲ್ಲ, ಈ ವರ್ಷ ಏನು ಬಿತ್ತುತ್ತೀರಿ?” ಎಂದು ಕೇಳಿದರು. ನಾನು ಕೆಮ್ಮಿದೆ. ಆ ಹೊಲದ ಮಾರಾಟದ ಕರಾರುಪತ್ರದ ಕರಡು ಆಗ ನನ್ನ ಮೇಜಿನ ಖಾನೆಯಲ್ಲಿಯೇ ಇತ್ತು.

ಈ ಹಕ್ಕಿ ಕೋಗಿಲೆಯ ದಾಯಾದಿ; ನೋಡಲು ಸಣ್ಣ ಗಿಡುಗನಂತಿರುತ್ತದೆ. ಇದರ ಒಂದೇ ಕೂಗನ್ನು ಒಂದೊಂದು ಭಾಷೆಯವರು ಒಂದೊಂದು ಬಗೆಯಾಗಿ ಕೇಳಿಸಿಕೊಂಡಿದ್ದಾರೆ. ಹಿಂದಿಯವರಿಗೆ ಅದು ‘ಪೀ ಕಹಾಂ’, ನಲ್ಲನೆಲ್ಲಿ ಎಂಬ ವಿರಹ. ಬಂಗಾಲಿಗಳಿಗೆ ‘ಚೋಖ್ ಗೇಲೋ’, ನನ್ನ ಕಣ್ಣು ಹೋಯಿತು ಎಂಬ ಗೋಳು. ಇಲ್ಲಿಯ ಬೇಸಗೆಯಲ್ಲಿ ಬೆಂದ ಇಂಗ್ಲಿಷರಿಗೆ ‘ಬ್ರೇನ್ ಫೀವರ್’, ಅಂದರೆ ಮಿದುಳಿನ ಜ್ವರ! ಮಳೆಯನ್ನೇ ನಂಬಿದ ಮರಾಠಿ ರೈತನಿಗೆ ಮಾತ್ರ ಬಿತ್ತನೆಯ ಕರೆ. ಹಕ್ಕಿ ತನ್ನ ಪಾಡಿಗೆ ತಾನು ಕೂಗುತ್ತದೆ. ಅರ್ಥವೆಲ್ಲ ಕೇಳುವವನ ಎದೆಯೊಳಗಿನದು.

ಧಾರವಾಡದ ಕಡೆಯ ನಮ್ಮ ಊರಿನಲ್ಲಿ ಅಪ್ಪ ಈ ಕೂಗಿಗೆ ಮಾತು ಕೊಟ್ಟವರಲ್ಲ. ಊರ ಮುಂದಿನ ಮಾವಿನ ತೋಪಿನಲ್ಲಿ ಅದು ಕೇಳಿಸಿದೊಡನೆ, “ಕೂಗಾಕ ಹತ್ತೇತಿ ನೋಡು, ಕೂರಿಗಿ ಕೆಳಗಿಳಸು” ಎನ್ನುತ್ತಿದ್ದರು. ಅಟ್ಟದ ಮೇಲಿನ ಕೂರಿಗೆಯನ್ನು ಇಳಿಸಿ ಧೂಳು ಕೊಡಹುವುದು ನನ್ನ ಪಾಲಿನ ಕೆಲಸ. ಆ ಮೇಲೆ ಮಳೆಗಳ ಲೆಕ್ಕ ಮೊದಲಾಗುತ್ತಿತ್ತು. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಹೊತ್ತಿಗೆ ಮಿರಗ, 22ರ ಸುಮಾರಿಗೆ ಆರಿದ್ರಾ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ‘ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ’ ಎಂಬುದು ಆಸೆಯ ಗಾದೆ. ಮಿರಗಕ್ಕೆ ನಮ್ಮಲ್ಲಿ ಹೆಸರು ಬಿತ್ತುತ್ತಾರೆ. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು’ ಎನ್ನುತ್ತಾರೆ. ಆದರೆ ಮನೆಮಗ ಬಿ.ಎ. ಮುಗಿಸಿ ಪುಣೆಯ ಖಾನಾವಳಿಯಲ್ಲಿ ಉಣ್ಣತೊಡಗಿದರೆ ಯಾರಿಗೆ ಒಳ್ಳೆಯದು ಎಂಬುದನ್ನು ಗಾದೆ ಕಟ್ಟಿದವರು ಯೋಚಿಸಿದಂತೆ ಕಾಣುವುದಿಲ್ಲ.

ಕಾಲೇಜಿನ ಬುದ್ಧಿ ಬಂದ ಮೇಲೆ ನಾನೊಮ್ಮೆ ಅಪ್ಪನೊಡನೆ ವಾದಕ್ಕೆ ನಿಂತಿದ್ದೆ. ಗಂಡುಹಕ್ಕಿ ಕೂಗುವುದು ಹೆಣ್ಣಿಗಾಗಿ; ಬೇಸಗೆಯಿಂದ ಮಳೆಗಾಲದವರೆಗೆ ಅದರ ಸಂಸಾರದ ಕಾಲ. ಸಂಸಾರವಾದರೂ ಎಂಥದು? ಮೊಟ್ಟೆಯನ್ನು ಹರಟೆಮಲ್ಲ ಹಕ್ಕಿಯ ಗೂಡಿನಲ್ಲಿಟ್ಟು ಹೋಗಿಬಿಡುತ್ತದೆ. ಸಾಕುವ ಕಷ್ಟವೆಲ್ಲ ಹರಟೆಮಲ್ಲನಿಗೆ. (ಹರಟೆ ಹೊಡೆಯುವವರಿಗೆ ಇಂಥ ಶಿಕ್ಷೆ ತಪ್ಪಿದ್ದಲ್ಲ, ಪ್ರಬಂಧ ಬರೆಯುವವರು ಎಚ್ಚರದಿಂದಿರಬೇಕು.) “ಇಂಥ ಹಕ್ಕಿಗೆ ಮಳೆಯ ಸಂಗತಿ ಏನು ಗೊತ್ತು?” ಎಂದು ನಾನು ಕೇಳಿದೆ.

ಅಪ್ಪ ಸಿಟ್ಟಾಗಲಿಲ್ಲ. 1972ರ ಬರದಲ್ಲಿ ಅವರಿಗೆ ಹದಿನೇಳು ವರ್ಷ. ಆ ವರ್ಷವೂ ಹಕ್ಕಿ ಕೂಗಿತ್ತಂತೆ. ಬೀಜದ ಕಾಳನ್ನೇ ಬೀಸಿ ಉಂಡರಂತೆ. “ಹಕ್ಕಿ ಮಳಿ ತರೂದಿಲ್ಲ ತಮ್ಮಾ. ಬರೂದು ಬಿಡೂದು ಮ್ಯಾಲಿನವಗ ಬಿಟ್ಟದ್ದು. ಬಂದಾಗ ಕೂರಿಗಿ ಕೈಯಾಗ ಇರಬೇಕು, ಅಷ್ಟ ಅದರ ಮಾತು.”

ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂತು. 1944ರಲ್ಲಿ ದೆಹಲಿಗೆ ಹೋಯಿತು. ಅದರ ಒಂದು ದೊಡ್ಡ ಕಚೇರಿ ಇಂದಿಗೂ ಇಲ್ಲಿದೆ. ಮುಂಗಾರಿನ ಮುನ್ಸೂಚನೆಯನ್ನು ನಾನೂ ಓದುತ್ತೇನೆ, ನಂಬುತ್ತೇನೆ. ಆದರೆ ಅದು ಮಳೆಯ ಸುದ್ದಿ ಹೇಳುತ್ತದೆಯೇ ಹೊರತು ‘ಏಳು, ಕೂರಿಗೆ ಇಳಿಸು’ ಎಂದು ಗದರಿಸುವುದಿಲ್ಲ.

ಅಪ್ಪ ತೀರಿಕೊಂಡು ಮೂರು ವರ್ಷಗಳಾದವು. ನಾಲ್ಕು ಎಕರೆ ಎರೆಹೊಲವನ್ನು ಲಾವಣಿಗೆ ಹಾಕಿದ್ದೇನೆ. ಕೊಳ್ಳುವವರು ಅಲ್ಲಿ ಮನೆಯ ನಿವೇಶನ ಮಾಡುವವರು. ಬದುವಿನ ಮೇಲಿನ ಬನ್ನಿಮರವನ್ನು ತೋರಿಸಿ, “ಅದನ್ನ ನಾವs ತಗಸ್ತೀವಿ, ನಿಮಗ ಖರ್ಚಿಲ್ಲ” ಎಂದು ಔದಾರ್ಯ ತೋರಿಸಿದ್ದರು. ಪಾಂಡವರು ಆಯುಧ ಬಚ್ಚಿಟ್ಟ ಮರದ ಜಾತಿ ಅದು. ಬೇರು ಆಳಕ್ಕೆ ಇಳಿಯುವುದರಿಂದ ಬರಗಾಲದಲ್ಲಿಯೂ ಹಸಿರು. ದಸರೆಯ ಸಂಜೆ ಅದರ ಎಲೆ ಕೈಗಿತ್ತು, “ಬನ್ನಿ ತಗೊಂಡು ಬಂಗಾರದ್ಹಾಂಗ ಇರೂಣು” ಎಂದು ಊರವರೆಲ್ಲ ತಬ್ಬಿಕೊಳ್ಳುತ್ತಿದ್ದರು. ಪುಣೆಯಲ್ಲಿ ಅದೇ ದಿನ ಆಪಟೆಯ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ಎಲೆ ಬೇರೆ, ಬಂಗಾರ ಒಂದೇ.

ಆ ಸಂಜೆ ಮನೆಯಲ್ಲಿ ಹಕ್ಕಿಯ ಸಮಾಚಾರ ಹೇಳಿದೆ. ನನ್ನಾಕೆ ರೊಟ್ಟಿ ಬಡಿಯುತ್ತಲೇ, “ಹಕ್ಕಿ ಕೂಗಿದ್ರ ಮನಿ ಬಾಡಿಗಿ ಬಿಡತಾರೇನ್ರೀ?” ಎಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ಹೊಲ ಮಾರಿದರೆ ಇಲ್ಲೊಂದು ಸ್ವಂತ ಮನೆಗೆ ಮುಂಗಡವಾಗುತ್ತದೆ. ಮಗನ ಶಾಲೆ ಹತ್ತಿರವಾಗುತ್ತದೆ. ನಾನು ಉತ್ತರ ಕೊಡಲಿಲ್ಲ. ಬಹಳ ಹೊತ್ತಿನ ಮೇಲೆ ಅವಳೇ, “ಸಹಿ ಮಾಡೂಕಿಂತ ಮೊದಲ ಒಮ್ಮೆ ಹೋಗಿ ನೋಡಿ ಬರ್ರಿ” ಎಂದಳು.

ಎರಡು ದಿನ ರಜೆ ಹಾಕಿ, ಮಗನನ್ನು ಕರೆದುಕೊಂಡು ಮಿರಗದಲ್ಲಿ ಊರಿಗೆ ಹೋದೆ. ಹದವಾದ ಮಳೆಯಾಗಿತ್ತು. ಟ್ರ್ಯಾಕ್ಟರಿನಿಂದ ಬಿತ್ತನೆ ನಡೆದಿತ್ತು; ಬನ್ನಿಮರದ ಮೂಲೆಯಲ್ಲಿ ಟ್ರ್ಯಾಕ್ಟರು ತಿರುಗದಾದ್ದರಿಂದ ಅಲ್ಲಿ ಮಾತ್ರ ಎತ್ತಿನ ಕೂರಿಗೆ ಹೂಡಿದ್ದರು. ಲಾವಣಿದಾರ ನಕ್ಕು ಹೆಸರುಕಾಳಿನ ಚೀಲವನ್ನು ನನ್ನ ಟೊಂಕಕ್ಕೆ ಕಟ್ಟಿದ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ನಾಲ್ಕು ಸಾಲು ನಡೆದೆ. ಮಗ ಹಿಂದೆ ಹಿಂದೆ ಬಂದ. ತೋಪಿನಲ್ಲಿ ಹಕ್ಕಿ ಕೂಗುತ್ತಿತ್ತು. “ಅಪ್ಪಾ, ಅದು ಏನು ಹೇಳತದ?” ಎಂದು ಮಗ ಕೇಳಿದ. “ನಿನಗ ಏನು ಕೇಳಸತದ ಹೇಳು” ಎಂದೆ. ಅವನು ಇನ್ನೂ ಯೋಚಿಸುತ್ತಿದ್ದಾನೆ.

ಪುಣೆಗೆ ಮರಳಿದ ಹತ್ತು ದಿನಕ್ಕೆ ಲಾವಣಿದಾರ ಫೋನು ಮಾಡಿದ. ಮೊಳಕೆ ಚೆನ್ನಾಗಿ ಎದ್ದಿತ್ತು. “ಅಣ್ಣಾರ, ನಿಮ್ಮ ನಾಕು ಸಾಲು ದೂರದಿಂದನ ಗುರ್ತ ಸಿಗತಾವ್ರಿ. ಒಂದ್ ಕಡೆ ಗುಂಪು, ಒಂದ್ ಕಡೆ ಬಯಲು!” ಎಂದು ನಕ್ಕ.

ಕರಾರುಪತ್ರ ಖಾನೆಯಲ್ಲಿಯೇ ಇದೆ. ಈ ವರ್ಷ ಸಹಿ ಮಾಡುವುದಿಲ್ಲವೆಂದು ತಿಳಿಸಿದ್ದೇನೆ. ಬರುವ ವರ್ಷದ ಮಾತನ್ನು ನನ್ನಾಕೆಯೂ ಕೇಳಿಲ್ಲ, ನಾನೂ ಹೇಳಿಲ್ಲ.