115–113: ಅಪ್ಪನ ಚೀಟಿ, ಮಗಳ ಚೀಟಿ



ಮೂರು ವಾರದ ಹಿಂದೆ ಇಲ್ಲೇ ಒಂದು ಪೋಸ್ಟ್ ಹಾಕಿದ್ದೆ. "ನನ್ನ ಮಗಳ ಗೆಲುವನ್ನು ಕದ್ದರು" ಅಂತ ಶುರುವಾಗುವ ಪೋಸ್ಟ್. ಸುಮಾರು ಜನ ಶೇರ್ ಮಾಡಿದ್ರಿ. ನಾಲ್ಕನೇ ದಿನ ಅದನ್ನ ತೆಗೆದುಹಾಕಿದೆ. ಯಾಕೆ ತೆಗೆದ್ರಿ, ಯಾರಾದ್ರೂ ಒತ್ತಡ ಹಾಕಿದ್ರಾ, ಹೆದರಿಸಿದ್ರಾ ಅಂತ ಇನ್‌ಬಾಕ್ಸ್‌ನಲ್ಲಿ ಕೇಳ್ತಾನೇ ಇದೀರಿ. ಒತ್ತಡ ಬಂದದ್ದು ನಿಜ. ಹೊರಗಿಂದಲ್ಲ, ನಮ್ಮ ಮನೆಯ ಅಡುಗೆಕೋಣೆಯಿಂದ. ಅದನ್ನೇ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ನಡೆದದ್ದು ಇಷ್ಟು. ಅಂತರ ಕಾಲೇಜು ಬಾಕ್ಸಿಂಗ್. ನನ್ನ ಮಗಳು 54 ಕೆಜಿ. ಮೂರು ರೌಂಡ್, ಐದು ಜನ ಜಡ್ಜ್‌ಗಳು. ಮಗಳು ನೀಲಿ ಕಾರ್ನರ್, ಎದುರಿಗಿದ್ದ ಹುಡುಗಿ ಕೆಂಪು. ಆ ಹುಡುಗಿ ಪಂದ್ಯ ನಡೆಸುತ್ತಿದ್ದ ಕಾಲೇಜಿನವಳೇ. ಮೂರನೇ ರೌಂಡ್ ಮುಗಿದಾಗ ನಾನು ಎದ್ದು ನಿಂತು ಶಿಳ್ಳೆ ಹಾಕಿದ್ದೆ, ನಮ್ಮದೇ ಗೆಲುವು ಅಂತ. ರೆಫರಿ ಎತ್ತಿದ್ದು ಕೆಂಪು ಕೈಯನ್ನ. 3–2.

ನಾನು ಕುರ್ಚಿ ತಳ್ಳಿಕೊಂಡು ಟೇಬಲ್ ಹತ್ತಿರ ಹೋದೆ. ಜಡ್ಜ್‌ಗಳು ಯಾರು, ಯಾವ ಊರು, ಯಾವ ಜಾತಿ ಅಂತ ಕೂಗಾಡಿದೆ. ಸ್ಕೋರ್ ಶೀಟ್ ತೋರಿಸಿ ಅಂದೆ. ತೋರಿಸಲ್ಲ ಅಂದ್ರು. ಅಲ್ಲಿಂದ ಬಸ್ಸಲ್ಲಿ ಬರ್ತಾ ಬರ್ತಾನೇ ಆ ಪೋಸ್ಟ್ ಬರೆದೆ. ಪಕ್ಕದಲ್ಲೇ ಕೂತಿದ್ದ ಮಗಳನ್ನ ಒಂದು ಮಾತು ಕೇಳಲಿಲ್ಲ. ಆಡಿದ್ದು ಅವಳು. ಗುದ್ದು ತಿಂದದ್ದು ಅವಳು. ತೀರ್ಪು ಬರೆದದ್ದು ನಾನು.

ನನಗೆ ಆ ಸಿಟ್ಟು ಎಲ್ಲಿಂದ ಬಂತು ಅನ್ನೋದು ನನ್ನ ಹತ್ತಿರದವರಿಗೆ ಗೊತ್ತು. ತೊಂಬತ್ತರ ದಶಕದಲ್ಲಿ ಒಂದು ಹುದ್ದೆಗೆ ಲಿಖಿತ ಪರೀಕ್ಷೆ ಬರೆದಿದ್ದೆ. ಪಟ್ಟಿಯಲ್ಲಿ ಮೇಲಿನ ಹತ್ತರೊಳಗೆ ಇದ್ದೆ. ಸಂದರ್ಶನಕ್ಕೆ ಐವತ್ತು ಅಂಕ. ಒಳಗೆ ಹೋದೆ. ಹೆಸರು ಕೇಳಿದ್ರು, ಊರು ಕೇಳಿದ್ರು, "ಅಪ್ಪ ಏನ್ ಮಾಡ್ತಾರೆ?" ಅಂತ ಕೇಳಿದ್ರು. ಕೂಲಿ ಅಂದೆ. ಒಬ್ಬರು ಇನ್ನೊಬ್ಬರ ಮುಖ ನೋಡಿದ್ರು. "ಸರಿ, ಹೋಗಿ" ಅಂದ್ರು. ಐವತ್ತಕ್ಕೆ ಹದಿಮೂರು. ನನಗಿಂತ ಎಷ್ಟೋ ಕೆಳಗಿದ್ದವರು ನನ್ನ ದಾಟಿಕೊಂಡು ಹೋದ್ರು. ಆ ಹದಿಮೂರು ಅಂಕ ಇವತ್ತಿಗೂ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಇದೆ. ಯಾರಾದ್ರೂ ಅಂಕ ಹಾಕ್ತಿದ್ದಾರೆ ಅಂದ್ರೆ ಸಾಕು, ಆ ಮುಳ್ಳು ಅಲ್ಲಾಡುತ್ತೆ.

ಮನೆಗೆ ಬಂದ ಮೇಲೆ ಮೂರು ದಿನ ಮಗಳು ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಅಡುಗೆಕೋಣೆಯಲ್ಲಿ ಮುದ್ದೆ ಕಟ್ಟುತ್ತಾ, ತಿರುಗಿ ನೋಡದೇನೇ ಹೇಳಿದ್ಲು: "ಅಪ್ಪಾ, ಎರಡನೇ ರೌಂಡು ನಾನು ಸೋತಿದ್ದೆ ಕಣಪ್ಪಾ. ನಂಗೇ ಗೊತ್ತಿತ್ತು. ಒಂದನೇದು ನಂದು, ಎರಡನೇದು ಅವಳ್ದು, ಮೂರನೇದು ಯಾರ್ದು ಬೇಕಾದ್ರೂ ಆಗಬಹುದಿತ್ತು. ನೀನು ಕದ್ದರು ಅಂತ ಬರೆದುಬಿಟ್ಟೆ. ಈಗ ನಾನು ಏನ್ ತಪ್ಪು ಮಾಡ್ದೆ ಅಂತ ಕೋಚ್‌ನ ಕೇಳೋಕೆ ಹೋದ್ರೆ, ಅವರು ನನ್ನ ಜೊತೆ ಮಾತಾಡೋಕೇ ಹೆದರ್ತಾರೆ. ನನ್ನ ಸೋಲನ್ನ ನನಗೇ ಬಿಡು."

ನಾನು ವಾದ ಮಾಡಿದೆ. ವಾದ ಮಾಡೋದೇ ನನ್ನ ಕಸುಬಲ್ವಾ! ನಿನಗೇನು ಗೊತ್ತು, ಜಗತ್ತು ಹೆಂಗಿದೆ ಗೊತ್ತಾ, ಹ್ಯಾಗ್ಲರ್‌ಗೆ ಏನಾಯ್ತು ಗೊತ್ತಾ ಅಂದೆ.

ಮಾರ್ವಿನ್ ಹ್ಯಾಗ್ಲರ್ ನನ್ನ ಹೀರೋ. ಪಾ. ರಂಜಿತ್ ಅವರ 'ಸಾರ್ಪಟ್ಟ ಪರಂಬರೈ' ನೋಡಿದ ಮೇಲೆ ನಾನು ಹಳೆಯ ಬಾಕ್ಸಿಂಗ್ ಪಂದ್ಯಗಳನ್ನ ಹುಡುಕಿ ಹುಡುಕಿ ನೋಡೋಕೆ ಶುರು ಮಾಡಿದ್ದು. ಹಾಗೆ ಸಿಕ್ಕಿದವನು ಹ್ಯಾಗ್ಲರ್. ಅಮೆರಿಕದ ನೆವಾರ್ಕ್‌ನ ಬಡ ಕರಿಯರ ಮನೆಯ ಹುಡುಗ. 1967ರ ಗಲಭೆಯಾದ ಮೇಲೆ ತಾಯಿ ಮಕ್ಕಳನ್ನ ಕಟ್ಟಿಕೊಂಡು ಬ್ರಾಕ್‌ಟನ್‌ಗೆ ಬಂದ್ರು. ಎಡಗೈಯವನು, ಬೋಳುತಲೆ, ಮಾತು ಕಡಿಮೆ. ನಿನಗೆ ಮೂರು ತೊಡಕು ಇದೆ, ನೀನು ಕರಿಯ, ಎಡಗೈಯವನು, ಮೇಲಾಗಿ ಚೆನ್ನಾಗಿ ಆಡ್ತೀಯ ಅಂತ ಜೋ ಫ್ರೇಜಿಯರ್ ಅವನಿಗೆ ಹೇಳಿದ್ದರಂತೆ. ಆ ಮೂರನೇ ತೊಡಕು ನಮಗೆ ಅರ್ಥವಾಗುವಷ್ಟು ಬೇರೆ ಯಾರಿಗೆ ಅರ್ಥವಾಗಬೇಕು?

1979ರಲ್ಲಿ ವಿಶ್ವ ಪಟ್ಟಕ್ಕೆ ವಿಟೊ ಆಂಟುಫೆರ್ಮೊ ಜೊತೆ ಆಡಿದ. ನೋಡಿದವರಲ್ಲಿ ಬಹಳ ಜನ ಹ್ಯಾಗ್ಲರ್ ಗೆದ್ದ ಅಂದ್ಕೊಂಡಿದ್ರು. ಡ್ರಾ ಅಂದ್ರು, ಪಟ್ಟ ಚಾಂಪಿಯನ್ ಹತ್ತಿರವೇ ಉಳೀತು. ಮರುವರ್ಷ ಲಂಡನ್ನಿನ ವೆಂಬ್ಲಿಯಲ್ಲಿ ಅಲನ್ ಮಿಂಟರ್‌ನನ್ನ ಮೂರೇ ರೌಂಡಲ್ಲಿ ಮುಗಿಸಿ ಪಟ್ಟ ಗೆದ್ದ. ಗೆದ್ದವನ ಮೇಲೆ ಜನ ಬಾಟಲಿ ಎಸೆದ್ರು. ಬೆಲ್ಟ್ ಕಟ್ಟಿಸಿಕೊಳ್ಳೋದಕ್ಕೂ ನಿಲ್ಲದೆ, ಪೊಲೀಸರ ನಡುವೆ ರಿಂಗ್ ಬಿಟ್ಟು ಹೋಗಬೇಕಾಯ್ತು.

ಆಮೇಲೆ 1987ರ ಏಪ್ರಿಲ್ 6, ಲಾಸ್ ವೇಗಸ್. ಎದುರಿಗೆ ಶುಗರ್ ರೇ ಲೆನಾರ್ಡ್. ಒಲಿಂಪಿಕ್ ಚಿನ್ನದವನು, ಟಿವಿಯವರ ಮುದ್ದಿನ ಕೂಸು. ಕಣ್ಣಿನ ತೊಂದರೆಯಿಂದ ಆಟ ಬಿಟ್ಟು ಐದು ವರ್ಷದಲ್ಲಿ ಒಂದೇ ಒಂದು ಪಂದ್ಯ ಆಡಿದ್ದವನು. ಹದಿನೈದರ ಬದಲು ಹನ್ನೆರಡು ರೌಂಡ್, ದೊಡ್ಡ ರಿಂಗ್, ದಪ್ಪ ಗ್ಲೌಸ್, ಎಲ್ಲಾ ಲೆನಾರ್ಡ್ ಕಡೆಯವರು ಕೇಳಿದಂಗೇ. ಹ್ಯಾಗ್ಲರ್ ಒಪ್ಪಿದ, ದುಡ್ಡು ಅವನಿಗೆ ಜಾಸ್ತಿ ಬಂತು. ಹನ್ನೆರಡು ರೌಂಡ್ ಮುಗಿದಾಗ ಮೂರು ಚೀಟಿ. ಒಬ್ಬ ಜಡ್ಜ್ 115–113 ಹ್ಯಾಗ್ಲರ್. ಇನ್ನೊಬ್ಬ 115–113 ಲೆನಾರ್ಡ್. ಮೂರನೆಯವನು 118–110 ಲೆನಾರ್ಡ್.

"ನೋಡು, ಅವನಿಗೂ ಹಿಂಗೇ ಮಾಡಿದ್ರು" ಅಂದೆ.

ಮಗಳು ಕೈ ತೊಳೆದುಕೊಂಡು ಬಂದ್ಲು. "ಬಾ, ನೋಡೇ ಬಿಡೋಣ. ನೀನೊಂದು ಚೀಟಿ ಬರಿ, ನಾನೊಂದು ಬರೀತೀನಿ. ಸೌಂಡ್ ಆಫ್ ಮಾಡು."

ಸೌಂಡ್ ಯಾಕೆ ಆಫ್ ಅಂದೆ. "ಕಾಮೆಂಟ್ರಿಯವರು, ಕೂಗೋ ಜನ, ಇವರೆಲ್ಲ ನಮ್ಮ ಕಿವಿಯಲ್ಲಿ ಕೂತು ಸ್ಕೋರ್ ಹಾಕ್ತಾರೆ ಅಪ್ಪಾ" ಅಂದ್ಲು.

ಗೊತ್ತಿಲ್ಲದವರಿಗೆ ಲೆಕ್ಕ ಹೇಳ್ತೀನಿ. ಪ್ರತಿ ರೌಂಡ್ ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ನೆಲಕ್ಕೆ ಬಿದ್ದರೆ 8. ಕೂದಲೆಳೆಯಷ್ಟರಲ್ಲಿ ಗೆದ್ದರೂ 10–9, ಪೂರ್ತಿ ಬಡಿದುಹಾಕಿ ಗೆದ್ದರೂ, ಎದುರಾಳಿ ಬೀಳದಿದ್ದರೆ, ಬಹಳ ಸಲ 10–9ಯೇ. ಹಾಗಾಗಿ 115–113 ಅಂದ್ರೆ ಏಳು ರೌಂಡ್ ಗೆಲುವು, ಐದು ಸೋಲು. 118–110 ಅಂದ್ರೆ ಹತ್ತು ಗೆಲುವು, ಎರಡೇ ಸೋಲು.

ಇಬ್ಬರೂ ಒಬ್ಬರ ಚೀಟಿ ಒಬ್ಬರಿಗೆ ಕಾಣದಂಗೆ ಬರೆದ್ವಿ. ಮುಗಿದ ಮೇಲೆ ಬಿಚ್ಚಿದ್ರೆ, ನಂದು 115–113 ಹ್ಯಾಗ್ಲರ್. ಅವಳ್ದು 115–113 ಲೆನಾರ್ಡ್.

ಒಂದೊಂದೇ ರೌಂಡ್ ಇಟ್ಟು ಹೋಲಿಸಿದ್ವಿ. ಮೊದಲೆರಡು ರೌಂಡ್ ಇಬ್ಬರೂ ಲೆನಾರ್ಡ್‌ಗೇ ಕೊಟ್ಟಿದ್ವಿ. ಎಡಗೈಯವನಾದ ಹ್ಯಾಗ್ಲರ್ ಅಲ್ಲಿ ಬಲಗೈಯವನ ಥರ ನಿಂತು ಆಡಿ, ಆ ರೌಂಡ್‌ಗಳನ್ನ ತಾನೇ ಕೈಯಾರೆ ಕೊಟ್ಟುಬಿಟ್ಟ. ಐದನೇದು ಇಬ್ಬರೂ ಹ್ಯಾಗ್ಲರ್‌ಗೆ. ಹೀಗೆ ಹನ್ನೆರಡರಲ್ಲಿ ಹತ್ತು ರೌಂಡ್ ನಮ್ಮಿಬ್ಬರದೂ ಒಂದೇ ಮಾತು, ಐದು ಅವನಿಗೆ, ಐದು ಇವನಿಗೆ. ತಕರಾರು ಇದ್ದದ್ದು ಬರೀ ಎರಡು ರೌಂಡ್. ನಾನು ಹ್ಯಾಗ್ಲರ್‌ನ ಭಾರವಾದ ಗುದ್ದು ಲೆಕ್ಕಕ್ಕೆ ತಗೊಂಡಿದ್ದೆ, ಅವನು ಮುಂದೆ ಮುಂದೆ ನುಗ್ಗಿದ್ದನ್ನ ತಗೊಂಡಿದ್ದೆ. ಅವಳು ಲೆನಾರ್ಡ್ ತಪ್ಪಿಸಿಕೊಂಡದ್ದನ್ನ, ರೌಂಡಿನ ಕೊನೆಯಲ್ಲಿ ಪಟಪಟ ಅಂತ ಹೊಡೆದದ್ದನ್ನ ತಗೊಂಡಿದ್ಲು. ಗುದ್ದಿಗೆ ಬೆಲೆ ಇದೆ, ತಪ್ಪಿಸಿಕೊಳ್ಳೋದಕ್ಕೂ ಬೆಲೆ ಇದೆ, ನಿಯಮದಲ್ಲಿ ಎರಡೂ ಇದೆ.

"ಈಗ ಹೇಳು, ನಾನು ಹ್ಯಾಗ್ಲರ್‌ಗೆ ಮೋಸ ಮಾಡಿದ್ನಾ?" ಅಂದ್ಲು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನದೇ ಹೊಟ್ಟೆಯ ಮಗು, ನನ್ನದೇ ಮನೆ, ನನ್ನದೇ ಜಾತಿ, ಅದೇ ಪಂದ್ಯ. ಆದರೂ ಚೀಟಿ ಬೇರೆ. ಅಷ್ಟೇ ಅಲ್ಲ, ಲೆನಾರ್ಡ್ ಕೂಡ ಕರಿಯನೇ ಅಲ್ವಾ ಅಂತ ಅವಳು ಕೇಳಿದಾಗ, ನಾನು ಇಷ್ಟು ವರ್ಷ ಆ ವಿಷಯವನ್ನ ಸಲೀಸಾಗಿ ದಾಟಿಕೊಂಡು ಬಂದದ್ದು ಗೊತ್ತಾಯ್ತು. ನನ್ನ ಕಥೆಗೆ ಅದು ಬೇಕಿರಲಿಲ್ಲ.

ಆದರೆ ಮಗಳು ಅಲ್ಲಿಗೇ ಬಿಡಲಿಲ್ಲ. "ಆ 118–110 ಮಾತ್ರ ನಂಗೂ ಒಪ್ಪಿಗೆ ಇಲ್ಲಪ್ಪಾ. ಅದು ಎಲ್ಲಿಂದ ಬಂತು ಅಂತ ಕೇಳಬೇಕು" ಅಂದ್ಲು. ಇದು ನನಗೆ ಮುಖ್ಯ ಅನ್ನಿಸ್ತು. ಎರಡು 115–113 ಚೀಟಿಗಳ ನಡುವೆ ಇರೋದು ಪ್ರಾಮಾಣಿಕ ಜಗಳ. 118–110 ಬೇರೆ ಜಾತಿಯ ಪ್ರಶ್ನೆ. ಹತ್ತಿರದ ಪಂದ್ಯದಲ್ಲಿ ಸೋಲೋದು ಒಂದು, ಆಡಿದ್ದೇ ಲೆಕ್ಕಕ್ಕೆ ಬರದಿರೋದು ಇನ್ನೊಂದು. ನನ್ನ ಸಂದರ್ಶನದ ಐವತ್ತಕ್ಕೆ ಹದಿಮೂರು, ಅದು 118–110. ಅದನ್ನ ನಾನು ಇವತ್ತೂ ಬಿಟ್ಟುಕೊಡಲ್ಲ. ಮಗಳ 3–2 ಅದಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ನನ್ನ ತಪ್ಪು. ಎಲ್ಲವನ್ನೂ ಕಳ್ಳತನ ಅಂತ ಕೂಗ್ತಾ ಹೋದ್ರೆ, ನಿಜವಾದ ಕಳ್ಳತನ ಆದ ದಿನ ನಮ್ಮ ಕೂಗಿಗೆ ಯಾರೂ ತಿರುಗಿ ನೋಡಲ್ಲ.

ಹ್ಯಾಗ್ಲರ್ ರೀಮ್ಯಾಚ್ ಕೇಳಿದ. ಅವನ ಬದುಕೇ ರೀಮ್ಯಾಚ್‌ಗಳದ್ದು. 1976ರಲ್ಲಿ ಬಾಬಿ ವಾಟ್ಸ್, ವಿಲ್ಲಿ ಮನ್ರೋ ಇಬ್ಬರ ಎದುರು ಸೋತಿದ್ದ. ಇಬ್ಬರನ್ನೂ ಮತ್ತೆ ರಿಂಗಿಗೆ ಕರೆದು, ಜಡ್ಜ್‌ಗಳಿಗೆ ಕೆಲಸವೇ ಇಲ್ಲದಂಗೆ ಮಲಗಿಸಿದ. ಆಂಟುಫೆರ್ಮೊನನ್ನೂ 1981ರಲ್ಲಿ ಬಾಸ್ಟನ್‌ನಲ್ಲಿ ಹಾಗೇ ಮುಗಿಸಿದ. ಲೆನಾರ್ಡ್ ಮಾತ್ರ ಸಿಗಲಿಲ್ಲ. ಒಂದು ವರ್ಷ ಕಾದ. 1988ರಲ್ಲಿ ಆಟಕ್ಕೇ ಕೈ ಮುಗಿದು ಇಟಲಿಗೆ ಹೋಗಿ ಸಿನಿಮಾ ಮಾಡ್ತಾ ಇದ್ದುಬಿಟ್ಟ. ಆಮೇಲೆ ಲೆನಾರ್ಡ್ ಕಡೆಯಿಂದ ಮಾತು ಬಂದಾಗ ಇವನು ಒಪ್ಪಲಿಲ್ಲ. 2021ರ ಮಾರ್ಚ್‌ನಲ್ಲಿ, 66ನೇ ವಯಸ್ಸಿನಲ್ಲಿ ತೀರಿಕೊಂಡ. ಆ ಎರಡು ರೌಂಡಿನ ಜಗಳ ಹಾಗೇ ಉಳೀತು.

"ರೀಮ್ಯಾಚ್ ನ್ಯಾಯ ಅಲ್ಲಪ್ಪಾ, ವ್ಯಾಪಾರ" ಅಂದ್ಲು ಮಗಳು. ಅದೂ ನಿಜ. 1999ರ ಮಾರ್ಚ್‌ನಲ್ಲಿ ಲೆನಾಕ್ಸ್ ಲೂಯಿಸ್–ಹೋಲಿಫೀಲ್ಡ್ ಪಂದ್ಯ ಡ್ರಾ ಅಂದಾಗ ಜಗತ್ತೇ ಛೀ ಅಂತು. ಎಂಟು ತಿಂಗಳಿಗೆ ಮರುಪಂದ್ಯ ಆಯ್ತು, ಲೂಯಿಸ್ ಗೆದ್ದ. ಅಲ್ಲಿ ಕೋಟಿಗಟ್ಟಲೆ ದುಡ್ಡಿತ್ತು. ಅದೇ 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಮಣಿಪುರದ ಸರಿತಾ ದೇವಿ ಆತಿಥೇಯ ಕೊರಿಯಾದ ಹುಡುಗಿಯ ಎದುರು ಸೋತಳು ಅಂದಾಗ? ದೂರು ಕೊಟ್ರು, ತಳ್ಳಿಹಾಕಿದ್ರು. ವೇದಿಕೆ ಮೇಲೆ ಅಳ್ತಾ ಕಂಚಿನ ಪದಕವನ್ನ ಎದುರಾಳಿಯ ಕೊರಳಿಗೇ ಹಾಕಿದ್ಲು. ಅಂತರರಾಷ್ಟ್ರೀಯ ಸಂಸ್ಥೆ ಕೊಟ್ಟದ್ದು ರೀಮ್ಯಾಚ್ ಅಲ್ಲ, ಒಂದು ವರ್ಷದ ಅಮಾನತು.

ಹಾಗಾದ್ರೆ ನಾವು ಕೇಳಬೇಕಾದ್ದೇನು? ಚೀಟಿ. ಚೀಟಿ ತೋರಿಸಿ ಅಂತ ಕೇಳಬೇಕು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್ ಮೂರರಲ್ಲಿ ಎರಡು ರೌಂಡ್ 3–2ರಲ್ಲಿ ಗೆದ್ದೂ ಪಂದ್ಯವನ್ನ 3–2ರಲ್ಲಿ ಸೋತರು. ಮೊದಲ ರೌಂಡ್ 4–1ರಲ್ಲಿ ಹೋಗಿತ್ತು, ಪ್ರತಿ ಜಡ್ಜ್‌ನ ಮೂರು ರೌಂಡಿನ ಮೊತ್ತ ಬೇರೆ ಬೇರೆ ಕೂಡಿಸಿದ್ರೆ ಹಾಗೇ ಬರುತ್ತೆ. ಒಪ್ತೀವೋ ಬಿಡ್ತೀವೋ, ರೌಂಡ್ ರೌಂಡಿನ ಲೆಕ್ಕ ಎಲ್ಲರ ಕಣ್ಣಮುಂದೆ ಇದ್ದದ್ದಕ್ಕೇ ಜಗಳ ಮಾಡೋಕಾದ್ರೂ ಸಾಧ್ಯವಾಯ್ತು. ನನ್ನ ಹದಿಮೂರು ಅಂಕಕ್ಕೆ ಹಂಗೊಂದು ಚೀಟಿಯೇ ಇರಲಿಲ್ಲ. ಆಮೇಲೆ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಮೌಲ್ಯಮಾಪನವಾದ ಉತ್ತರಪತ್ರಿಕೆಯೂ ಮಾಹಿತಿಯೇ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. 2016ರಿಂದ ಕೇಂದ್ರ ಸರ್ಕಾರದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದ್ರು. ಆದರೂ ಐಎಎಸ್ ಪರೀಕ್ಷೆಯ 2025 ಅಂಕದಲ್ಲಿ 275 ಇವತ್ತಿಗೂ ಆ ಮುಚ್ಚಿದ ಕೋಣೆಯೊಳಗೇ ಇದೆ.

ಇನ್ನು ಆ ಪೋಸ್ಟ್ ತೆಗೆದ ದೊಡ್ಡ ಕಾರಣ. ನನ್ನ ಪೋಸ್ಟ್ ಕೆಳಗೆ ಕಮೆಂಟ್‌ನಲ್ಲಿ ನಮ್ಮವರೇ ಕೆಲವರು ಎದುರಿಗೆ ಆಡಿದ ಹುಡುಗಿಯ ಹೆಸರು ಹುಡುಕಿದ್ರು, ಫೋಟೋ ಹಾಕಿದ್ರು, ಅವಳ ಜಾತಿ ಯಾವುದಿರಬಹುದು ಅಂತ ಚರ್ಚೆ ಮಾಡಿದ್ರು. ಜಾತಿ ವಿನಾಶ ಅಂತ ದಿನಾ ಬರೆಯೋ ನನ್ನ ಗೋಡೆ ಮೇಲೆ, ಇಪ್ಪತ್ತು ತುಂಬದ ಒಂದು ಹುಡುಗಿಯ ಜಾತಿ ಕೆದಕಿದ್ರು. ನಾನು ಲೈಕ್ ಎಣಿಸ್ತಾ ಕೂತಿದ್ದೆ. ನನ್ನನ್ನ "ಅಪ್ಪ ಏನ್ ಮಾಡ್ತಾರೆ?" ಅಂತ ಕೇಳಿದವರಿಗೂ ನನಗೂ ಆ ದಿನ ಏನು ವ್ಯತ್ಯಾಸ ಇತ್ತು?

ಆ ಮಗುವಿಗೆ ಇಲ್ಲಿ ಕ್ಷಮೆ ಕೇಳ್ತಿದ್ದೀನಿ. ಹೆಸರು ಬರೆಯಲ್ಲ. ದಯವಿಟ್ಟು ಯಾರೂ ಮತ್ತೆ ಹುಡುಕಬೇಡಿ. ಯಾರ ಹತ್ತಿರ ಸ್ಕ್ರೀನ್‌ಶಾಟ್ ಇದೆಯೋ ಅಳಿಸಿಹಾಕಿ.

ಸ್ಕೋರ್ ಶೀಟ್‌ಗೆ ಅರ್ಜಿ ಹಾಕಿದ್ದೀನಿ, ಅದನ್ನ ವಾಪಸ್ ತಗೊಳ್ಳಲ್ಲ. ಮಗಳೂ ಬೇಡ ಅನ್ನಲಿಲ್ಲ. ಅರ್ಜಿಯಲ್ಲಿ "ಮೋಸ" ಅನ್ನೋ ಪದ ಹೊಡೆದುಹಾಕಿಸಿ, "ರೌಂಡುವಾರು ಅಂಕ" ಅಂತ ಬರೆಸಿದ್ಲು. ಮೂರನೇ ರೌಂಡಲ್ಲಿ ಯಾರ್ಯಾರು ಏನು ಹಾಕಿದ್ರು ಅಂತ ಅವಳಿಗೂ ನೋಡಬೇಕಂತೆ, ಅಭ್ಯಾಸಕ್ಕೆ.

ಬೆಳಿಗ್ಗೆ ಐದೂವರೆಗೆ ಎದ್ದು ಓಡೋಕೆ ಹೋಗ್ತಾಳೆ. ಕೋಚ್ ಮತ್ತೆ ಮಾತಾಡ್ತಿದ್ದಾರಂತೆ. ಎರಡನೇ ರೌಂಡಲ್ಲಿ ಬಲಗೈ ಕೆಳಗೆ ಬರ್ತಿತ್ತಂತೆ. ಮುಂದಿನ ಪಂದ್ಯದಲ್ಲಿ ಅದೇ ಹುಡುಗಿ ಸಿಕ್ಕರೆ ಏನ್ ಮಾಡ್ತೀಯ ಮಗಾ ಅಂತ ಕೇಳಿದೆ.

"ಕೈ ಮೇಲೆ ಇಟ್ಕೋತೀನಿ" ಅಂದ್ಲು. "ನೀನು ಬಾ. ಆದ್ರೆ ಮೊಬೈಲ್ ಮನೇಲಿಟ್ಟು ಬಾ."

ಜೈಭೀಮ್.