ಬೆಸುಗೆಗೊಬ್ಬ ಮೂರನೆಯವ

ಫ್ರಿಜ್ ರಿಪೇರಿಯವರು ತಾಮ್ರದ ಪೈಪನ್ನು ಹಿಂಬದಿಯ ಕಬ್ಬಿಣದ ಕೊಳವೆಗೆ ಬೆಸೆಯುವುದನ್ನು ನಿಂತು ನೋಡಬೇಕು. ಸಂದಿಗೆ ಫ್ಲಕ್ಸ್ ಸವರಿ, ಗ್ಯಾಸ್ ಟಾರ್ಚನ್ನು ಸುತ್ತಲೂ ಆಡಿಸಿ, ಪೈಪು ಮಂದವಾಗಿ ಕೆಂಪೇರಿದ್ದೇ ತಡ, ಬೆಳ್ಳಿ ಬೆರೆತ ಕಡ್ಡಿ ಮುಟ್ಟಿಸುತ್ತಾರೆ. ಅದು ಕರಗಿ ತಾನಾಗಿಯೇ ಒಳಕ್ಕೆ ಹರಿಯುತ್ತದೆ. ತಾಮ್ರವೂ ಕರಗಲಿಲ್ಲ, ಕಬ್ಬಿಣವೂ ಕರಗಲಿಲ್ಲ. ಎಂಥ ನಾಜೂಕಿನ ಕೆಲಸ!

ಲೋಹದ ತ್ರೀಡಿ ಪ್ರಿಂಟಿಂಗಿನಲ್ಲಿ ಸಾಮಾನ್ಯವಾಗಿ ಈ ಅನುಕೂಲವಿಲ್ಲ. ಅಲ್ಲಿ ಪುಡಿಯನ್ನೇ ಲೇಸರಿನಿಂದ ಕರಗಿಸಿ ಪದರದ ಮೇಲೆ ಪದರ ಕಟ್ಟುತ್ತಾರೆ. ಲೋಹ ಒಂದೇ ಆದರೆ ಸರಿ. ಎರಡಾದರೆ ಎತ್ತು ಏರಿಗೆ, ಕೋಣ ನೀರಿಗೆ. ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಕಬ್ಬಿಣಕ್ಕೆ 1538 ಬೇಕು. ಆರುವಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ.

ಆದರೆ ನಿಜವಾದ ಪೀಕಲಾಟ ಟೈಟಾನಿಯಂ ಮತ್ತು ಉಕ್ಕಿನದು. ಕರಗಿದಾಗ ಎರಡೂ ಧಾರಾಳವಾಗಿ ಬೆರೆಯುತ್ತವೆ, ತೊಂದರೆ ಶುರುವಾಗುವುದೇ ಅಲ್ಲಿಂದ. ಬೆರೆತ ಕಡೆ ಹುಟ್ಟುವ ಸಂಯುಕ್ತಗಳು ಬಲು ಪೆಡಸು. ತಣಿಯುವಷ್ಟರಲ್ಲೇ ಚಟಕ್ಕನೆ ಬಿರುಕು ಬಿಡುತ್ತವೆ. ಅದಕ್ಕೇ ನಡುವೆ ವನಾಡಿಯಂ ಎಂಬ ಮೂರನೆಯವನನ್ನು ಕರೆತರುತ್ತಾರೆ. ಟೈಟಾನಿಯಂ ಪುಡಿಯನ್ನು ಪದರ ಪದರಕ್ಕೂ ಕಡಿಮೆ ಮಾಡುತ್ತ, ವನಾಡಿಯಂ ಏರಿಸುತ್ತ, ಆಮೇಲೆ ನಿಧಾನಕ್ಕೆ ಉಕ್ಕಿನ ಕಡೆ ಹೊರಳುವುದು. ಅಲ್ಲಿಯೂ ಪ್ರಮಾಣ ತಪ್ಪಿದರೆ ಸಿಗ್ಮಾ ಎಂಬ ಮತ್ತೊಂದು ಪೆಡಸು ರೂಪ ತಲೆಯೆತ್ತುತ್ತದೆ.

ಹೊಂದುವ ಜೋಡಿಗಳೂ ಇವೆ. ತಾಮ್ರ, ನಿಕಲ್ ಯಾವ ಪ್ರಮಾಣದಲ್ಲಿ ಬೆರೆಸಿದರೂ ಒಂದಾಗುತ್ತವೆ. 1980ರ ದಶಕದ ನಮ್ಮ ರೂಪಾಯಿ ನಾಣ್ಯ ಇವೆರಡರ ಮಿಶ್ರಣವೇ. ನಾಸಾದವರು ರಾಕೆಟ್ ಎಂಜಿನ್ನಿಗೆ ಆರಿಸಿಕೊಂಡದ್ದೂ ಇದೇ ನಂಟನ್ನು. 2015ರಲ್ಲಿ ಮಾರ್ಷಲ್ ಕೇಂದ್ರದಲ್ಲಿ ದಹನ ಕೋಣೆಯ ಒಳಗೋಡೆಯನ್ನು ತಾಮ್ರದ ಮಿಶ್ರಲೋಹದಲ್ಲಿ ಪ್ರಿಂಟ್ ಮಾಡಿದರು. ಅದರ ಮೇಲೆ ನಿಕಲ್ ಮಿಶ್ರಲೋಹದ ಕವಚ ಕಟ್ಟುವ ಕೆಲಸ ಲ್ಯಾಂಗ್ಲಿ ಕೇಂದ್ರದ ಎಲೆಕ್ಟ್ರಾನ್ ಕಿರಣದ ಯಂತ್ರಕ್ಕೆ ಬಂತು. ಗೋಡೆಯ ಒಂದು ಮಗ್ಗುಲಲ್ಲಿ 2700 ಡಿಗ್ರಿ ದಾಟುವ ಬೆಂಕಿ, ಇನ್ನೊಂದು ಮಗ್ಗುಲಲ್ಲಿ ಕೊರೆಯುವಷ್ಟು ತಣ್ಣನೆಯ ಇಂಧನ. ಶಾಖ ಸಾಗಿಸುವುದು ತಾಮ್ರದ ಪಾಲು, ಒತ್ತಡ ತಡೆಯುವುದು ನಿಕಲ್‌ನ ಪಾಲು. ಎರಡನ್ನೂ ಒಂದೇ ಲೋಹದಿಂದ ಮಾಡಿಸಲು ಹೊರಟರೆ ಒಂದಲ್ಲ ಒಂದು ಕಡೆ ಸೋಲಬೇಕಾಗುತ್ತದೆ.

ಈ ವಿದ್ಯೆ ಕಲಿಯಬೇಕೆನ್ನುವ ಎಂಜಿನಿಯರಿಂಗ್ ಮಕ್ಕಳಿಗೆ ನನ್ನದೊಂದು ವಿನಂತಿ: ಪ್ರಿಂಟರಿನ ಮುಂದೆ ಕೂರುವ ಮೊದಲು ಎರಡು ಲೋಹಗಳು ಯಾವ ಪ್ರಮಾಣದಲ್ಲಿ, ಯಾವ ಶಾಖದಲ್ಲಿ ಯಾವ ರೂಪ ತಾಳುತ್ತವೆಂದು ತೋರಿಸುವ ಹಂತನಕ್ಷೆಯನ್ನು ಓದಲು ಕಲಿಯಿರಿ. ಬಿರುಕು ಎಲ್ಲಿ ಬೀಳಬಹುದೆಂಬ ಸುಳಿವು ಅದರಲ್ಲಿದೆ.